ಪಂಕ್ತಿಭೇದವಿಲ್ಲದ ಇಂಟರ್ನೆಟ್

ಅರಗು ಕಾಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ವಾದೀಂದ್ರರಾಯರು ನಲವತ್ತೈದು ವರ್ಷಗಳನ್ನು ಅಂಗಿಯಂತೆ ಕಳಚಿಟ್ಟು ಏಳು ವರ್ಷದ ಹುಡುಗನಾಗಿಬಿಡುತ್ತಿದ್ದರು. ಅವರ ತಂದೆ ಮಕ್ತಲ್ ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೆಂಪು ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದು, ಲಕೋಟೆಯ ಬೆನ್ನಿಗೆ ನಾಲ್ಕು ಹನಿ ತೊಟ್ಟಿಕ್ಕಿಸಿ, ಅದರ ಮೇಲೆ ಹಿತ್ತಾಳೆಯ ಮೊಹರು ಒತ್ತುವಾಗ ಏಳುತ್ತಿದ್ದ ಘಾಟನ್ನು ಹುಡುಗ ಮೇಜಿನ ಕೆಳಗೆ ಕೂತು ಹೀರುತ್ತಿದ್ದ. ಈ ವಾಸನೆ ಎಲ್ಲಿದೆಯೋ ಅಲ್ಲಿ ಸರ್ಕಾರ ಇದೆ, ಸರ್ಕಾರ ಎಲ್ಲಿದೆಯೋ ಅಲ್ಲಿ ತಪ್ಪು ಇರುವುದಿಲ್ಲ ಎಂದು ಅವನು ಆ ಮೇಜಿನ ಕೆಳಗೇ ತೀರ್ಮಾನಿಸಿದ. ಮುಂದೆ ಬದುಕು ಅವರಿಗೆ ಎಷ್ಟೋ ಪಾಠ ಕಲಿಸಲು ನೋಡಿತು. ಈ ಒಂದು ವಿಷಯದಲ್ಲಿ ಮಾತ್ರ ರಾಯರು ಅದರ ಕೈಗೆ ಸಿಗಲಿಲ್ಲ.

ಸರ್ಕಾರಿ ನೌಕರಿಯೂ ರಾಯರ ಕೈಗೆ ಸಿಗಲಿಲ್ಲವೆನ್ನಿ. ನಾರಾಯಣಪೇಟೆ ರಸ್ತೆಯಲ್ಲಿ ಟೈಪಿಂಗ್ ಶಾಲೆ ನಡೆಸಿದರು. ಟೈಪು ಯಂತ್ರಗಳು ತೂಕಕ್ಕೆ ಹೋಗುವ ಕಾಲ ಬಂದಾಗ ಅದೇ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು 'ವಾದೀಂದ್ರ ಆನ್‌ಲೈನ್ ಸೇವಾ' ಎಂದು ಹಲಗೆ ತೂಗುಹಾಕಿದರು. ಮನೆ ಅಂಗಡಿಯ ಹಿಂದೆಯೇ. ಆದರೂ ರಾಯರು ಬೆಳಿಗ್ಗೆ ಒಂಬತ್ತಕ್ಕೆ ಹಿತ್ತಿಲಿನಿಂದ ಹೊರಟು, ಬೀದಿ ಸುತ್ತಿ, ಮುಂಬಾಗಿಲಿನಿಂದ 'ಕಚೇರಿ'ಗೆ ಬರುತ್ತಿದ್ದರು. ಬಂದ ಗಿರಾಕಿಗಳನ್ನು 'ಅರ್ಜಿದಾರರು' ಎನ್ನುತ್ತಿದ್ದರು. ಚಹಾ ಕುಡಿಯಲು ಒಳಗೆ ಹೋದರೆ ಮೇಜಿನ ಮೇಲೆ 'ವಿರಾಮ' ಎಂದು ಬರೆದ ರಟ್ಟು ನಿಲ್ಲಿಸುತ್ತಿದ್ದರು.

ತೆಲಂಗಾಣ ಬೇರೆ ರಾಜ್ಯವಾಗಿ ಆಗ ಮೂರು ತಿಂಗಳಾಗಿತ್ತು. ಪೇಂಟರು ಬಂದು ಹಲಗೆಯ ಮೇಲಿನ ಹಳೆಯ ರಾಜ್ಯದ ಹೆಸರು ಕೆರೆದು ಹೊಸದನ್ನು ಬರೆದುಹೋಗಿದ್ದ. ಊರಿಗೆಲ್ಲ ಹೊಸ ಕಾಗದದ ಹಸಿವು. ರೇಷನ್ ಕಾರ್ಡು, ಪಿಂಚಣಿ, ಜಾತಿ, ಆದಾಯ, ಎಲ್ಲದಕ್ಕೂ ದರಖಾಸ್ತು. ಅಂಥ ಹೊತ್ತಿನಲ್ಲೇ ರಸ್ತೆ ಅಗಲ ಮಾಡುವವರು ದಿನ ಬಿಟ್ಟು ದಿನ ಟೆಲಿಫೋನ್ ತಂತಿಯನ್ನು ಕಡಿಯುತ್ತಿದ್ದರು. ರಾಯರ ಇಂಟರ್ನೆಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಅದಕ್ಕೇ ಅವರು ಟವರಿನಿಂದ ಗಾಳಿಯಲ್ಲಿ ಬರುವ ಇನ್ನೊಂದು ಲೈನನ್ನೂ ತೆಗೆದುಕೊಂಡರು. ಅದರ ಡಬ್ಬಿಯನ್ನು ಎತ್ತರಕ್ಕೆ ಕಟ್ಟಬೇಕಿತ್ತು. ಮನೆಯಲ್ಲಿ ಎತ್ತರದ ವಸ್ತು ಎಂದರೆ ಅಕ್ಕ ಕಾಶೀಬಾಯಿ ಮಡಿಬಟ್ಟೆ ಒಣಹಾಕುವ ಬಿದಿರುಗೋಲು ಒಂದೇ.

"ವಾದ್ಯಾ, ನನ್ನ ಮಡಿಕೋಲು ಎಲ್ಲಿ?" ಎಂದು ಕಾಶೀಬಾಯಿ ಹಿತ್ತಿಲಿನಿಂದ ಕೂಗಿದರು. ಗಂಡ ಹೋದ ಮೇಲೆ ರಾಯಚೂರಿನಿಂದ ತಮ್ಮನ ಮನೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಮದುವೆಯನ್ನೇ ಮಾಡಿಕೊಳ್ಳದ ತಮ್ಮನನ್ನು ಊರೆಲ್ಲ ರಾಯರು ಎಂದರೂ ಅವರಿಗೆ ಅವನು ವಾದ್ಯಾ.

"ಮ್ಯಾಲೆ ಅದ, ಅಕ್ಕಾ. ಸರ್ಕಾರಿ ಕೆಲಸಕ್ಕ ಹೋಗೇದ."

"ನಾಳೆ ಏಕಾದಶಿ. ಸರ್ಕಾರ ಬಂದು ನನ್ನ ಸೀರಿ ಹಿಡಕೊಂಡು ನಿಂದರತದೇನು?"

ಎರಡು ಲೈನುಗಳು ಬಂದವು. ನಾಲ್ಕು ಕಂಪ್ಯೂಟರಿಗೆ ಹಂಚುವುದು ಹೇಗೆ? ಗದ್ವಾಲದಿಂದ ನರೇಂದ್ರ ಬಂದ. ಆ ಕಡೆಯ ಅರ್ಧ ತಾಲೂಕಿನ ಕಂಪ್ಯೂಟರುಗಳ ಕಾಯಿಲೆ ಬಿಡಿಸುವ ಮನುಷ್ಯ. ಮಾತು ಕಡಿಮೆ, ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್. ಹಳೆಯ ಪತ್ರಿಕೆಗಳ ಕಟ್ಟಿಗೆ ಆಸರೆಯಾಗಿದ್ದ ಒಂದು ಮುದಿ ಕಂಪ್ಯೂಟರನ್ನು ಎಳೆದು, ಧೂಳು ಊದಿ, ಎರಡೂ ಲೈನನ್ನು ಅದರ ಬೆನ್ನಿಗೆ ಸಿಕ್ಕಿಸಿದ.

"ಇದರಾಗ ಲಿನಕ್ಸ್ ಹಾಕೀನ್ರೀ. ಇನ್ನ ಮ್ಯಾಲ ಇದ ನಿಮ್ಮ ರೌಟರ್. ಎರಡೂ ಲೈನ್ ಇದರ ಹೊಟ್ಟಿಗೆ ಬರ್ತಾವ, ಇಲ್ಲಿಂದ ನಾಕಕ್ಕೂ ಹಂಚಿಕಿ ಆಗ್ತೈತಿ. ಒಂದು ಲೈನ್ ಸತ್ತರ ಇನ್ನೊಂದು ಐತಿ," ಎಂದು ಹೇಳಿ ಚಹಾಕ್ಕೆ ಹೋದ. ತಿರುಗಿ ಬಂದು ನೋಡಿದರೆ ಯಂತ್ರ ಮಿಸುಕುತ್ತಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ. ಕಡೆಗೆ ತಾನು ಬರೆದ ನಿಯಮಗಳ ಕಡತ ತೆಗೆದ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ತಾನು ಬರೆಯದ ಎರಡು ಪದಗಳಿದ್ದವು: ಶ್ರೀ ಹರಿ.

"ಇದು ಯಾರು ಬರದಾರ್ರಿ?"

"ನಾನೇ. ಮ್ಯಾಲೆ ಏನೂ ಇದ್ದಿದ್ದಿಲ್ಲ. ಬೋಳು ಕಾಗದ ಹೆಂಗ ಕೆಲಸ ಮಾಡ್ತದ?"

"ಈ ಸಾಲು ಮಷಿನ್‌ಗೆ ತಿಳಿಯೂದಿಲ್ರೀ. ಅಳಿಸಬೇಕು."

"ದೇವರ ಹೆಸರು ಬರದು ಅಳಿಸೋದೇ!"

ನರೇಂದ್ರ ರಾಯರ ಮುಖ ನೋಡಿದ. ಅಳಿಸಲಿಲ್ಲ. ಆ ಸಾಲಿನ ಆರಂಭದಲ್ಲಿ, ಅಡ್ಡ ಎರಡು ಉದ್ದ ಎರಡು ಗೆರೆ ಎಳೆದಂಥ ಹ್ಯಾಶ್ ಗುರುತೊಂದನ್ನು ಒತ್ತಿದ. "ಈ ಗುರುತು ಹಾಕಿದ ಸಾಲು ಮಷಿನ್ ಓದೂದಿಲ್ರೀ. ದೇವ್ರು ಓದ್ಕೊಂತಾನ," ಎಂದ. ಯಂತ್ರ ಕೂಡಲೇ ಎದ್ದು ಕೂತಿತು. ನರೇಂದ್ರ ಬಸ್ಸು ಹತ್ತಿದ. ಒಬ್ಬ ಒಳ್ಳೆಯವನು ಮಾಡಿದ ಒಂದು ಸಣ್ಣ ಉಪಕಾರದಿಂದ ಮುಂದಿನ ಅನಾಹುತ ಹುಟ್ಟಿತು ಎಂದು ಹೇಳಲು ನನಗೆ ಸಂಕಟವಾಗುತ್ತದೆ. ಆದರೆ ನಡೆದದ್ದು ಹಾಗೆಯೇ.

ರಾಯರು ಎರಡು ದಿನ ಕೈಕಟ್ಟಿಕೊಂಡು ತಮ್ಮ ರೌಟರನ್ನು ಗಮನಿಸಿದರು. ಒಂದು ಮತ್ತು ಎರಡನೆಯ ಕಂಪ್ಯೂಟರಿಗೆ ಗಾಳಿಯ ಲೈನು ಸಿಗುತ್ತಿತ್ತು, ಬಾಣದಂತೆ ಓಡುತ್ತಿತ್ತು. ಮೂರು ಮತ್ತು ನಾಲ್ಕಕ್ಕೆ ತಂತಿಯ ಲೈನು, ಅದು ಜೋಳದ ಬಂಡಿಯಂತೆ ಬರುತ್ತಿತ್ತು. ಒಂದೇ ಕೋಣೆ, ಒಂದೇ ಬೆಂಚು. ಆ ತುದಿಯವನು ಮುಗಿಸಿ ಎದ್ದು ಹೋಗುತ್ತಾನೆ, ಈ ತುದಿಯವನು ತಿರುಗುವ ಚಕ್ರ ನೋಡುತ್ತ ಕೂತಿರುತ್ತಾನೆ. ರಾಯರ ಮೈ ಜುಮ್ಮೆಂದಿತು. ಮಂತ್ರಾಲಯದಲ್ಲಿ ನೂರಾರು ಸಲ ಎಲೆಯ ಮುಂದೆ ಕೂತವರು ಅವರು. ಒಂದೇ ಸಾಲಿನಲ್ಲಿ ಕೂತ ಒಬ್ಬನಿಗೆ ತುಪ್ಪ, ಪಕ್ಕದವನಿಗೆ ನೀರು ಮಜ್ಜಿಗೆ ಬಡಿಸಿದರೆ ಅದಕ್ಕೆ ಪಂಕ್ತಿಭೇದ ಎನ್ನುತ್ತಾರೆ. ಅಂಥ ಪಾಪ ತಮ್ಮ ಕಚೇರಿಯಲ್ಲೇ, ಹಾಡಹಗಲೇ, ಶ್ರೀ ಹರಿಯ ಹೆಸರಿನ ಕೆಳಗೇ ನಡೆಯುತ್ತಿತ್ತು.

ಅವರು ಕಡತ ತೆರೆದರು. ನರೇಂದ್ರ ಒಂದೊಂದು ಸಾಲಿನ ಪಕ್ಕದಲ್ಲಿ ಅದರ ಅರ್ಥವನ್ನೂ ಬರೆದಿಟ್ಟಿದ್ದ. ಹನ್ನೊಂದನೆಯ ಸಾಲು: 'ಯಾವ ಕಂಪ್ಯೂಟರ್ ಯಾವ ಲೈನಿನಲ್ಲಿ ಹೊರಟಿತೋ ಅದೇ ಲೈನಿನಲ್ಲೇ ಇರಲಿ.' ಇದೇ ಆ ಅನ್ಯಾಯ! ರಾಯರು ಅಳಿಸಲಿಲ್ಲ, ನರೇಂದ್ರನ ಬರಹದ ಮೇಲೆ ಅವರಿಗೆ ಗೌರವವಿತ್ತು. ಸಾಲಿನ ಆರಂಭದಲ್ಲಿ ಒಂದು ಹ್ಯಾಶ್ ಗುರುತು ಒತ್ತಿದರು. ಮುಗಿಯಿತು. ಇನ್ನು ಮೇಲೆ ಪ್ರತಿಯೊಬ್ಬರಿಗೂ ಒಂದು ಪುಟ ಈ ಲೈನಿನಲ್ಲಿ, ಮುಂದಿನ ಪುಟ ಆ ಲೈನಿನಲ್ಲಿ, ಸರದಿಯಂತೆ. ಎಲ್ಲರ ಎಲೆಗೂ ತುಪ್ಪ, ಎಲ್ಲರ ಎಲೆಗೂ ಮಜ್ಜಿಗೆ. ಮರುದಿನ ಬಾಗಿಲಿಗೆ ದೊಡ್ಡ ಫ್ಲೆಕ್ಸ್ ಬಂತು: 'ಎರಡು ಲೈನ್. ಎಲ್ಲರಿಗೂ ಸಮಾನ. ಎಂದೂ ನಿಲ್ಲದ ಇಂಟರ್ನೆಟ್.'

ಫ್ಲೆಕ್ಸ್ ಕೆಳಗೆ ಮೊದಲು ಬಂದವರು ನರ್ವ ಹಳ್ಳಿಯ ಪೆಂಟಮ್ಮ ಮತ್ತು ಅವಳ ಮಗಳು ರಜಿತಾ. ಕುರಿ ಕಾಯುವ ಮನೆ. ಗಂಡನನ್ನು ಕುರಿಗಳ ಹಿಂದೆ ಬಿಟ್ಟು ಬೆಳಗಿನ ಬಸ್ಸಿಗೆ ಬಂದಿದ್ದರು. ಹುಡುಗಿ ಹತ್ತನೆಯದು ಚೆನ್ನಾಗಿ ಪಾಸಾಗಿ, ಪಶುವೈದ್ಯದ ಡಿಪ್ಲೊಮಾಕ್ಕೆ ಹೆಸರು ಕೊಟ್ಟಿದ್ದಳು. ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಆರಿಸಿ ಕಡೆಯ ಗುಂಡಿ ಒತ್ತಬೇಕು. ಒಟ್ಟು ಆರು ಪುಟ. ಅಂದು ಸಂಜೆ ಐದಕ್ಕೆ ಕೊನೆ. ಒತ್ತದಿದ್ದರೆ ಸೀಟು ಇಲ್ಲ.

"ಕುರಿ ಸತ್ತ ಮ್ಯಾಲ ಡಾಕ್ಟರ್ ಬರ್ತಾನ್ರೀ, ರಾಯರ," ಎಂದಳು ಪೆಂಟಮ್ಮ. "ಇಕಿ ಕಲತ್ರ ಸಾಯಾಕಿಂತ ಮೊದಲ ಬರ್ತಾಳ. ಅಷ್ಟ ನಮ್ಮ ಆಸಿ."

"ಎರಡು ಲೈನ್ ಇರೋ ಕಡೆ ಬಂದೀರಿ. ಐದು ಗಂಟಿ ಯಾಕ, ಐದು ನಿಮಿಷದ ಕೆಲಸ," ಎಂದರು ರಾಯರು.

ಮೊದಲ ಪುಟ ಬಂತು. ಎರಡನೆಯದು ಬಂತು. ಮೂರನೆಯದರ ಬದಲು ಕೆಂಪು ಅಕ್ಷರದ ಒಂದು ನೋಟೀಸು ಬಂತು. ಇಂಗ್ಲಿಷಿನಲ್ಲಿತ್ತು. ರಾಯರು ಕನ್ನಡಕ ಸರಿಮಾಡಿಕೊಂಡು, ತಂದೆಯ ದನಿಯಲ್ಲಿ ಅದನ್ನು ಕನ್ನಡಕ್ಕಿಳಿಸಿ ಓದಿದರು: "ನಿಮ್ಮ ಹೆಸರಿನಿಂದ ಎರಡು ಸ್ಥಳಗಳಿಂದ ಪ್ರವೇಶ ಆಗಿರುವುದು ಕಂಡುಬಂದಿದೆ. ಆದಕಾರಣ ಸದರಿ ಪ್ರವೇಶ ರದ್ದು."

"ಎರಡು ಜಾಗಾ ಎಲ್ಯಾವ್ರೀ? ನಾವು ಇಲ್ಲೇ ಕುಂತೀವಲ್ಲ!"

ರಾಯರು ಕುರ್ಚಿ ಹಿಂದಕ್ಕೆ ಸರಿಸಿ ತಾಯಿ ಮಗಳನ್ನು ನೋಡಿದರು. ಸರ್ಕಾರ ಸುಳ್ಳು ಹೇಳುವುದಿಲ್ಲ. "ಖರೆ ಹೇಳ್ರಿ. ಬೇರೆ ಕಡೆ ಎಲ್ಲ್ಯರ ಅರ್ಜಿ ತೆರದು ಬಂದೀರೇನು?"

"ಬೀರಪ್ಪನ ಆಣಿ, ಇಲ್ರೀ," ಎಂದಳು ರಜಿತಾ. ಮತ್ತೆ ಮೊದಲಿನಿಂದ ಹಿಡಿದರು. ಮತ್ತೆ ಮೂರನೆಯ ಪುಟದಲ್ಲಿ ನೋಟೀಸು. ಮೂರು ಸಲ, ನಾಲ್ಕು ಸಲ. ಊರಿನ ಇನ್ನೊಂದು ಕೇಂದ್ರದ ಮುಂದಿನ ಸಾಲು ಬಸ್ ನಿಲ್ದಾಣ ಮುಟ್ಟಿತ್ತು, ಅಲ್ಲಿ ನಿಂತರೆ ಸರದಿ ನಾಳೆಯದು. "ಸರ್ಕಾರ ಬೆಳಿಗ್ಗೆ ಸ್ವಲ್ಪ ಸಂಶಯದಾಗ ಇರ್ತದ. ಹೊತ್ತೇರಿದ ಮ್ಯಾಲೆ ನೋಡೋಣ," ಎಂದು ರಾಯರು ಅವರನ್ನು ಬೆಂಚಿನ ತುದಿಗೆ ಕೂಡಿಸಿದರು.

ಹೊತ್ತೇರಿತು. ಪಕ್ಕದ ಹೋಟೆಲಿನ ವೀರಯ್ಯ ರೇಷನ್ ಕಾರ್ಡಿನ ಅರ್ಜಿಗೆ ಬಂದ. ಜೊತೆಗೆ ಹೆಂಡತಿ ವೀರಬಸಮ್ಮ. ಮೂರನೆಯ ಪುಟಕ್ಕೆ ಕೆಂಪು ನೋಟೀಸು. ರಾಯರು ಅದೇ ದನಿಯಲ್ಲಿ ಓದಿದರು. ಈ ಸಲ 'ಎರಡು ಸ್ಥಳ' ಎಂಬಲ್ಲಿ ಸ್ವಲ್ಪ ನಿಲ್ಲಿಸಿ ಓದಿದರು.

ವೀರಬಸಮ್ಮ ಗಂಡನ ಕಡೆ ತಿರುಗಿದಳು. "ಎರಡನೇ ಜಾಗಾ ಯಾವುದು?"

"ನನಗೇನ ಗೊತ್ತ?"

"ಸರ್ಕಾರಕ್ಕ ಗೊತ್ತೈತಿ, ನಿನಗ ಗೊತ್ತಿಲ್ಲ? ಬುಧವಾರಕ್ಕೊಮ್ಮೆ ಗದ್ವಾಲಕ್ಕ ಹೋಗ್ತಿ. ಮೆಣಸಿನಕಾಯಿ ತರಾಕ ಅಂತಿ. ತಂದಿದ್ದು ಒಂದು ಚೀಲ, ಹೋಗಿದ್ದು ಇಡೀ ದಿನ. ಆಕಿ ಹೆಸರೇನು?"

ಬೆಂಚಿನ ಮೇಲಿದ್ದವರೆಲ್ಲ ತಮ್ಮ ಅರ್ಜಿ ಮರೆತರು. ರಾಯರು ಇಂಥ ಪ್ರಸಂಗದಲ್ಲಿ ಕಚೇರಿಯ ಮರ್ಯಾದೆ ಕಾಯುವ ಸಲುವಾಗಿ ಪೆನ್ನು ಹಿಡಿದರು. "ವೀರಯ್ಯಾ, ಹೇಳಿಕಿ ಕೊಟ್ಟುಬಿಡು. ಬರಕೊಂತೀನಿ."

ವೀರಯ್ಯ ಬೆವರಿದ. ಗೋಡೆ ನೋಡಿದ, ರೌಟರ್ ನೋಡಿದ, ಹೆಂಡತಿಯನ್ನು ನೋಡಿದ. "ಇಡ್ಲಿ," ಎಂದ.

"ಏನು?"

"ಗದ್ವಾಲದಾಗ ಕ್ವಾಟೆ ಬಾಗಲದ ಹತ್ರ ಒಂದು ಇಡ್ಲಿ ಅಂಗಡಿ ಐತಿ. ಅಲ್ಲಿ ಕುಂತು ತಿಂತೀನಿ. ಎಂಟು ತಿಂತೀನಿ. ನಮ್ಮ ಹೋಟೆಲಿನ ಇಡ್ಲಿ ನನಗ ಸೇರೂದಿಲ್ಲ, ವೀರಬಸಾ. ಹದಿನೇಳು ವರ್ಸ ಆತು. ಹೇಳಾಕ ಧೈರ್ಯ ಬರಲಿಲ್ಲ."

ವೀರಬಸಮ್ಮ ತನ್ನ ಅಂಗೈ ನೋಡಿಕೊಂಡಳು. ಇಡ್ಲಿ ಹಿಟ್ಟು ರುಬ್ಬುವವಳು ಅವಳೇ. "ಹೆಣ್ಣು ಆಗಿದ್ರ ಚಲೋ ಇತ್ತು," ಎಂದು ಎದ್ದುಹೋದಳು.

ಸುದ್ದಿ ಊರು ಸುತ್ತಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಸ ಸರ್ಕಾರ ಎರಡು ಮನೆ, ಎರಡು ಕಾರ್ಡು, ಎರಡು ಊರು ಇದ್ದವರನ್ನು ಹಿಡಿಯುವ ಯಂತ್ರವನ್ನು ವಾದೀಂದ್ರರಾಯರ ಅಂಗಡಿಯಲ್ಲಿ ಇಟ್ಟಿದೆ, ಮಡಿಕೋಲಿನ ತುದಿಯಲ್ಲಿ ಅದರ ಕಣ್ಣು ಇದೆ ಎಂಬುದು ಹನ್ನೆರಡು ಗಂಟೆಯ ಹೊತ್ತಿಗೆ ಸಂತೆಯವರೆಗೆ ಹೋಯಿತು. ಇದು ಗಡಿಯ ಊರು ನೋಡಿ. ಹೊಳೆ ದಾಟಿದರೆ ರಾಯಚೂರು. ಮಗಳು ಆ ಕಡೆ, ಮಗ ಈ ಕಡೆ, ಹೆಸರು ಎರಡೂ ಕಡೆ. ಎದೆ ಹಗುರವಿದ್ದ ಮನುಷ್ಯ ಸಿಗುವುದು ಕಷ್ಟ.

ಪಿಂಚಣಿಗೆ ಬಂದಿದ್ದ ಮುದುಕಿ ಬುಗ್ಗಮ್ಮ ನೋಟೀಸು ಓದುವುದಕ್ಕೆ ಮೊದಲೇ ಕೈ ಮುಗಿದಳು. "ಯಪ್ಪಾ, ಹೌದ್ರೀ! ಮಗಳ ಊರಾಗೂ ನನ್ನ ಹೆಸರ ಐತಿ. ಅಲ್ಲೂ ಅಕ್ಕಿ ತಗೋಂತೀನಿ. ನನಗಲ್ರೀ, ಮೊಮ್ಮಕ್ಕಳಿಗೆ. ಸರ್ಕಾರಕ್ಕ ಹೇಳ್ರಿ, ಆ ಅಕ್ಕಿ ಬಿಟ್ಟೆ. ಈ ಪಿಂಚಣಿ ಒಂದು ಇರ್ಲಿ."

ರಾಯರಿಗೆ ಕಣ್ಣು ತುಂಬಿತು. ಅವರು ಸರ್ಕಾರವಾಗಿದ್ದರೆ ಎರಡೂ ಕೊಡುತ್ತಿದ್ದರು.

ಊಟದ ಹೊತ್ತು ಮೀರಿತು. ತಾಯಿ ಮಗಳೂ ಬೆಂಚು ಬಿಟ್ಟು ಉಣ್ಣಲು ಹೋಗಲಿಲ್ಲ. 'ವಿರಾಮ'ದ ರಟ್ಟು ಮಡಚಿಯೇ ಇತ್ತು. ಒಳಗಿನಿಂದ ಕಾಶೀಬಾಯಿ ಎರಡು ಸಲ ಕರೆದರು. "ಬಂದೆ ಅಕ್ಕಾ" ಎಂದು ರಾಯರು ಎರಡು ಸಲ ಹೇಳಿದರು. ನಡುವೆ ರಜಿತಾಳನ್ನು ಮತ್ತೆರಡು ಸಲ ಕೂಡಿಸಿ ನೋಡಿದರು. ಎರಡೂ ಸಲ ಮೂರನೆಯ ಪುಟಕ್ಕೆ ನೋಟೀಸು ಬಂತು. ಹುಡುಗಿ ಎದ್ದು ಬೆಂಚಿನ ತುದಿಗೆ ಹೋಗಿ ಕೂತಳು. ಅವಳು ಅತ್ತಿದ್ದರೆ ರಾಯರಿಗೆ ಸುಲಭವಾಗುತ್ತಿತ್ತು. ನರೇಂದ್ರನಿಗೆ ಫೋನು ಹಚ್ಚಿದರು. ಸಿಗಲಿಲ್ಲ.

ಮೂರು ಗಂಟೆಗೆ ಗಿರ್ದಾವರ್ ಎಂಕಪ್ಪ ಬಂದರು. ಕಂದಾಯದ ಆ ಹುದ್ದೆಗೆ ಸರ್ಕಾರ ಬೇರೆ ಹೆಸರಿಟ್ಟು ಎಷ್ಟೋ ಕಾಲವಾಗಿತ್ತು. ಮಕ್ತಲಿನ ಬಾಯಲ್ಲಿ ಮಾತ್ರ ಗಿರ್ದಾವರ್ ಗಿರ್ದಾವರೇ. ಅವರು ಕೋಣೆಯ ನಡುವೆ ನಿಂತು ರೌಟರನ್ನು ಹೊಸ ಅಳಿಯನನ್ನು ನೋಡುವಂತೆ ನೋಡಿದರು.

"ಏಮಯ್ಯಾ ವಾದೀಂದ್ರಾ, ಇಂಥಾ ಮಷಿನ್ ಇಟ್ಟುಕೊಂಡು ನಮಗ ಹೇಳೇ ಇಲ್ಲ! ಬೋಗಸ್ ಕಾರ್ಡು ಹಿಡಿಯಾಕ ಆರು ತಿಂಗಳಿಂದ ಮನಿ ಮನಿ ತಿರುಗೇನಿ. ನಾಳಿಂದ ಊರಿನ ಲಿಸ್ಟ್ ಪೂರಾ ಇಲ್ಲೇ ತರ್ತೀನಿ. ಒಬ್ಬೊಬ್ಬರನ್ನ ಕೂಡಿಸಿ ತೆಗೀ."

ರಾಯರ ಎದೆ ಉಬ್ಬಿತು. ಐವತ್ತೆರಡು ವರ್ಷಕ್ಕೆ ಸರ್ಕಾರ ತಾನಾಗಿ ಅವರ ಬಾಗಿಲಿಗೆ ಬಂದಿತ್ತು. ಬೆಂಚಿನ ಮೇಲಿದ್ದವರಲ್ಲಿ ಮೂವರು ಸದ್ದಿಲ್ಲದೆ ಎದ್ದು ಹೋದರು.

"ಮೊದಲು ನನ್ನ ಹೆಸರು ಹಾಕಿ ತೋರಸು, ಹೆಂಗ ಹಿಡೀತೈತಿ ನೋಡೋಣ," ಎಂದು ಎಂಕಪ್ಪ ಕುರ್ಚಿ ಎಳೆದುಕೊಂಡು ಇಲಾಖೆಯ ತಮ್ಮ ಪುಟ ತೆರೆದರು. ಮೀಸೆ ತಿರುವಿ ಒಂದು ಒತ್ತಿದರು, ಎರಡು ಒತ್ತಿದರು, ಮೂರು ಒತ್ತಿದರು.

ಕೆಂಪು ನೋಟೀಸು.

ರಾಯರು ಎದ್ದು ನಿಂತು ಓದಿದರು. ಅಧಿಕಾರಿಯ ವಿಷಯ, ಕೂತು ಓದುವುದು ಸಲ್ಲ. "ನಿಮ್ಮ ಹೆಸರಿನಿಂದ ಎರಡು ಸ್ಥಳಗಳಿಂದ..."

ಬೆಂಚಿನವರೆಲ್ಲ ಎಂಕಪ್ಪನವರ ಕಡೆ ತಿರುಗಿದರು. ಗಿರ್ದಾವರ್ ಮಕ್ತಲಿನಲ್ಲೇ ವಾಸವಿರಬೇಕೆಂದು ಸರ್ಕಾರದ ಹುಕುಂ. ಅವರ ಹೆಂಡತಿ, ಮಕ್ಕಳು, ಎಮ್ಮೆ ನಾರಾಯಣಪೇಟೆಯಲ್ಲಿದ್ದಾರೆಂದು ಊರಿಗೆಲ್ಲ ಗೊತ್ತು. ಮಕ್ತಲಿನಲ್ಲಿ ಅವರದೆಂದು ಇದ್ದದ್ದು ಒಂದು ಬಾಡಿಗೆ ಕೋಣೆ, ಅದರೊಳಗೆ ಒಂದು ಛತ್ರಿ.

"ಮಷಿನ್ ಕೆಟ್ಟೈತಿ," ಎಂದರು ಎಂಕಪ್ಪ.

"ಅದೆಂಗ್ರೀ ಸಾಹೇಬ್ರ?" ಬುಗ್ಗಮ್ಮ ಮೂಲೆಯಿಂದ ಕೇಳಿದಳು. "ನನ್ನ ಹಿಡಿದಾಗ ಚಲೋ ಇತ್ತಲ್ಲ?"

ಯಾರೋ ಕಿಸಕ್ಕೆಂದರು. ಎಂಕಪ್ಪ ಕೂಡ ಕಡೆಗೆ ನಕ್ಕುಬಿಟ್ಟರು, ಒಳ್ಳೆಯ ಮನುಷ್ಯ. ರಾಯರು ಮಾತ್ರ ನಗಲಿಲ್ಲ. ಸರ್ಕಾರವೇ ಸರ್ಕಾರದ ಮೇಲೆ ಸಂಶಯಪಟ್ಟರೆ ಇನ್ನು ನಿಲ್ಲುವುದಕ್ಕೆ ನೆಲ ಎಲ್ಲಿದೆ? ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು. ಬೆಂಚಿನ ತುದಿಯಲ್ಲಿ ಪೆಂಟಮ್ಮ ಅದೇ ಗಡಿಯಾರವನ್ನು ನೋಡುತ್ತಿದ್ದಳು.

"ರಾಯರ," ಎಂದಳು ಅವಳು ಮೆಲ್ಲಗೆ, "ಬೈಬ್ಯಾಡ್ರಿ, ಒಂದು ಕೇಳ್ತೀನಿ. ಇದು ಏನು ಮಾಡ್ತೈತ್ರೀ ಒಳಗ?"

ಬೇರೆ ದಿನವಾಗಿದ್ದರೆ ರಾಯರು 'ಅದು ತಾಂತ್ರಿಕ' ಎನ್ನುತ್ತಿದ್ದರು. ಅಂದು ಹೇಳಿದರು. "ಎರಡು ದಾರಿ ಅವ, ಪೆಂಟಮ್ಮಾ. ನಿನ್ನ ಮಗಳ ಮೊದಲನೇ ಪುಟ ಈ ದಾರಿಲೆ ಹೋಗ್ತದ, ಎರಡನೇದು ಆ ದಾರಿಲೆ. ಸರದಿ. ಯಾರಿಗೂ ಮೋಸ ಆಗಬಾರದು ಅಂತ."

ಪೆಂಟಮ್ಮ ಬೆಂಚಿನಿಂದ ಎದ್ದು ಬಂದಳು. "ಕುರಿಗೆ ಜಂತಿನ ಔಷಧ ಕುಡಿಸೋ ದಿನ ನಾವೂ ಹಟ್ಟಿಗೆ ಎರಡು ಬಾಗಲಾ ಬಿಡ್ತೀವ್ರೀ, ಲಗೂ ಮುಗೀಲಿ ಅಂತ. ಆದ್ರ ತಾಯಿ ಒಂದು ಬಾಗಲದಾಗ, ಮರಿ ಇನ್ನೊಂದರಾಗ ಹೋದ್ವು ಅಂದ್ರ ಮುಗೀತ್ರೀ. ತಾಯಿ ಮರೀನ ಮೂಸಿ ನೋಡ್ತೈತಿ, ಬ್ಯಾರೆ ಕಡಿಂದ ಬಂದೈತಿ, ನಂದಲ್ಲ ಅಂತ ಒದೀತೈತಿ. ಇಡೀ ಹಟ್ಟಿ ಒದರ್ತೈತಿ. ಎಷ್ಟು ಬಾಗಲಾ ಬೇಕಾದ್ರೂ ಇರ್ಲಿ, ತಾಯಿ ಹ್ವಾದ ಬಾಗಲದಾಗ ಮರೀನೂ ಬಿಡಬೇಕ್ರೀ."

ರಾಯರು ರೌಟರಿನ ಕಡೆ ತಿರುಗಿದರು. ಹನ್ನೊಂದನೆಯ ಸಾಲು ಕಣ್ಣ ಮುಂದೆ ಬಂತು. 'ಯಾವ ಲೈನಿನಲ್ಲಿ ಹೊರಟಿತೋ ಅದೇ ಲೈನಿನಲ್ಲೇ.' ದೂರದ ಸರ್ಕಾರ ಹುಡುಗಿಯ ಎರಡನೆಯ ಪುಟವನ್ನು ಮೂಸಿ ನೋಡಿ, ಇದು ಬೇರೆ ಕಡೆಯಿಂದ ಬಂದಿದೆ ಎಂದು ಒದೆಯುತ್ತಿತ್ತು. ಬೆಳಗಿನಿಂದ.

ಅವರು ಎದ್ದು ನಿಂತರು. ಕೋಣೆಯಲ್ಲಿ ಗಿರ್ದಾವರ್ ಇದ್ದರು, ವೀರಯ್ಯ ಇದ್ದ, ಬುಗ್ಗಮ್ಮ ಇದ್ದಳು, ಒಳಬಾಗಿಲಲ್ಲಿ ಕಾಶೀಬಾಯಿ ಬಂದು ನಿಂತಿದ್ದರು. "ಎಲ್ಲಾರೂ ಕೇಳ್ರಿ," ಎಂದರು ರಾಯರು. "ಇವತ್ತು ಯಾರಿಗೆ ಏನೇನು ನೋಟೀಸು ಬಂತೋ, ಅದು ನನ್ನ ತಪ್ಪು. ಸರ್ಕಾರದ್ದಲ್ಲ, ನಿಮ್ಮದೂ ಅಲ್ಲ. ಎರಡು ಸ್ಥಳ ಇದ್ದದ್ದು ನನ್ನ ಡಬ್ಬಿಯೊಳಗ."

"ಅಂದ್ರ ನಾನು ಇಡ್ಲಿ ವಿಷಯ ಹೇಳಬೇಕಾಗಿದ್ದಿಲ್ಲ?" ಎಂದ ವೀರಯ್ಯ, ಅಳುವ ದನಿಯಲ್ಲಿ.

ಅವನಿಗೆ ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ. ರಾಯರು ಕಡತ ತೆರೆದರು. ಕನ್ನಡಕ ಬೆವರಿ ಮಬ್ಬಾಗಿತ್ತು. ಮೊದಲು ಕಂಡ ಹ್ಯಾಶ್ ಗುರುತನ್ನು ಅಳಿಸಿ ಯಂತ್ರವನ್ನು ಮತ್ತೆ ಎಬ್ಬಿಸಿದರು. ಅದು ಏಳಲಿಲ್ಲ. ನಾಲ್ಕೂ ಕಂಪ್ಯೂಟರ್ ಒಟ್ಟಿಗೆ ಕಣ್ಣು ಮುಚ್ಚಿದವು. ನಾಲ್ಕು ಇಪ್ಪತ್ತೈದು.

ಆಗ ಫೋನು ಬಡಿಯಿತು. ನರೇಂದ್ರ. "ಬಸ್ಸಿನ್ಯಾಗ ಇದ್ದೆ ರಾಯರ, ಜುರಾಲ ಡ್ಯಾಮ್ ದಾಟೂತನಾ ಸಿಗ್ನಲ್ ಇದ್ದಿಲ್ಲ. ಏನಾತು?"

"ಹ್ಯಾಶ್ ತೆಗದೆ, ನರೇಂದ್ರಾ. ಪೂರಾ ಸತ್ತದ."

"ಯಾವ ಸಾಲಿಂದ ತೆಗದ್ರಿ?"

ರಾಯರು ನೋಡಿದರು. ಸಣ್ಣ ದನಿಯಲ್ಲಿ ಹೇಳಿದರು. "ಶ್ರೀ ಹರಿ."

ನರೇಂದ್ರ ನಗಲಿಲ್ಲ, ಅದನ್ನು ರಾಯರು ಮುಂದೆ ಬಹಳ ದಿನ ನೆನೆಯುತ್ತಿದ್ದರು. "ಗಾಬರಿ ಆಗಬ್ಯಾಡ್ರಿ. ಅದಕ್ಕ ತಿರುಗಿ ಹಾಕ್ರಿ. ಮತ್ತ ಯಾವುದಕ್ಕ ಹಾಕೀರಿ?" ಹನ್ನೊಂದು ಎಂದರು ರಾಯರು. "ಹನ್ನೊಂದರದು ತೆಗೀರಿ. ಸಾವಕಾಶ. ನಾನು ಇಲ್ಲೇ ಇದ್ದೀನಿ."

ನಾಲ್ಕು ಮೂವತ್ತೆಂಟಕ್ಕೆ ಯಂತ್ರ ಎದ್ದಿತು. ರಜಿತಾ ಅವಸರದಲ್ಲಿ ಬೆಳಗಿನ ಕುರ್ಚಿಗೇ ಬಂದಳು. ಮೂರನೆಯ ಕಂಪ್ಯೂಟರ್, ತಂತಿಯ ಲೈನು. ಮೊದಲ ಪುಟ ಹೊರಟಿತು, ಜೋಳದ ಬಂಡಿಯಂತೆ. ಎರಡನೆಯದು ಅದರ ಹಿಂದೆ. ಮೂರನೆಯದು ಬಂದಾಗ ಇಡೀ ಕೋಣೆ ಉಸಿರು ಹಿಡಿಯಿತು. ನೋಟೀಸು ಬರಲಿಲ್ಲ. ಪುಟ ಬಂತು. ಆದರೆ ಅರ್ಧಕ್ಕೆ ಬಂದು ನಿಂತಿತು, ಚಕ್ರ ತಿರುಗುತ್ತಲೇ ಇತ್ತು. ಒಂದನೆಯ ಕಂಪ್ಯೂಟರಿಗೆ ಹೋದರೆ ಮೊದಲಿನಿಂದ ಮಾಡಬೇಕು, ಅಷ್ಟು ಹೊತ್ತಿಲ್ಲ. ನಾಲ್ಕು ನಲವತ್ತೇಳು.

"ಈ ಲೈನಿನ ಮ್ಯಾಲೆ ಇನ್ನ್ಯಾರು ಇದ್ದಾರ?" ಎಂದರು ರಾಯರು.

ನಾಲ್ಕನೆಯ ಕಂಪ್ಯೂಟರಿನಲ್ಲಿ ಗಿರ್ದಾವರ್ ಇದ್ದರು. ನೋಟೀಸು ಹೋದ ಖುಷಿಯಲ್ಲಿ ಇಲಾಖೆಗೆ ಕಳ್ಳಕಾರ್ಡುಗಳ ದೊಡ್ಡ ಪಟ್ಟಿಯೊಂದನ್ನು ಕಳಿಸಲು ಹಚ್ಚಿದ್ದರು, ಮುಕ್ಕಾಲು ಪಾಲು ಹೋಗಿತ್ತು. ಆರು ತಿಂಗಳ ತಿರುಗಾಟ ಅದು. ಎಂಕಪ್ಪ ಹುಡುಗಿಯ ಬೆನ್ನು ನೋಡಿದರು. ಕೈ ಚಾಚಿ ತಮ್ಮ ಕಂಪ್ಯೂಟರಿನ ತಂತಿಯನ್ನೇ ಕಿತ್ತರು. "ಪಟ್ಟಿ ನಾಳೆ ಹೋಗ್ತೈತಿ," ಎಂದು ಎದ್ದು, ಬಾಗಿಲಲ್ಲಿ ನಿಂತು ಹೊಸಬರು ಒಳಗೆ ಬರದಂತೆ ತಡೆದರು. ಬುಗ್ಗಮ್ಮ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಆದರೂ ಲೈನಿಗೆ ಅಡ್ಡವಾದೀತೆಂದು ಬೆಂಚಿನ ಮೇಲಿಂದ ಎದ್ದು ನಿಂತಳು.

ನಾಲ್ಕನೆಯ ಪುಟ ಬಂತು. ಐದನೆಯದು ಬಂತು. ರಜಿತಾ ಕಾಲೇಜುಗಳ ಹೆಸರನ್ನು ತುಟಿಯಲ್ಲೇ ಓದುತ್ತ ಆರಿಸಿದಳು. ಆರನೆಯದರಲ್ಲಿ ಕಡೆಯ ಗುಂಡಿ. ಅವಳ ಬೆರಳು ನಿಂತಿತು, ತಾಯಿಯ ಕಡೆ ನೋಡಿದಳು.

"ಒತ್ತವಾ," ಎಂದಳು ಪೆಂಟಮ್ಮ.

ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷವಿತ್ತು. ಹಸಿರು ಅಕ್ಷರದಲ್ಲಿ ಒಂದು ಸಾಲು ಬಂತು. ರಾಯರು ಅದನ್ನು ತಂದೆಯ ದನಿಯಲ್ಲಿ ಓದಲು ಹೋದರು. ತಮ್ಮದೇ ದನಿ ಬಂತು. "ಮುಟ್ಟೇದ, ತಂಗಿ. ನಿನ್ನ ಅರ್ಜಿ ಮುಟ್ಟೇದ."

ಹುಡುಗಿ ಆಗ ಅತ್ತಳು. ವೀರಯ್ಯನೂ ಅತ್ತ, ಅವನ ಕಾರಣ ಬೇರೆ. ಎಂಕಪ್ಪ ಬಾಗಿಲು ಬಿಟ್ಟು ಬಂದು ರೌಟರಿನ ನೆತ್ತಿ ತಟ್ಟಿದರು. ನರ್ವದ ಬಸ್ಸು ಐದೂವರೆಗೆ. ಪೆಂಟಮ್ಮ ಸೆರಗು ಸರಿಮಾಡಿಕೊಂಡು ಕೈಚೀಲ ಎತ್ತಿಕೊಂಡಳು. "ಬರ್ತೀವ್ರೀ ರಾಯರ. ನಿಮಗ ಬಾಳ ತ್ರಾಸು ಕೊಟ್ವಿ."

"ನೀವು ಕೊಟ್ಟಿದ್ದಲ್ಲವ್ವಾ, ನಾನು," ಎಂದರು ರಾಯರು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಆಗ ನೆನಪಾಯಿತು.

ಒಳಗಿನಿಂದ ಹುಳಿಯ ಒಗ್ಗರಣೆ ಘಮ್ಮೆಂದಿತು. ಕಾಶೀಬಾಯಿ ಮುತ್ತುಗದ ಎಲೆಯಲ್ಲಿ ಕಟ್ಟಿದ ದೊಡ್ಡದೊಂದು ಗಂಟು ಹಿಡಿದು ಬರುತ್ತಿದ್ದರು. ದಾರದ ಸಂದಿಯಿಂದ ಇನ್ನೂ ಹಬೆ ಏಳುತ್ತಿತ್ತು. ತಮಗಾಗಿ ತೆಗೆದಿಟ್ಟ ಮಧ್ಯಾಹ್ನದ ಊಟ ಎಂದು ರಾಯರಿಗೆ ತಿಳಿಯಿತು. ಅವಸರದಿಂದ ಚೊಂಬಿನ ನೀರು ಸುರಿದು ಕೈ ತೊಳೆದು, ಎರಡೂ ಕೈ ಚಾಚಿದರು.

ಅಕ್ಕ ಅವರನ್ನು ದಾಟಿ ಹೋದರು. ಹೊಸ್ತಿಲ ಹತ್ತಿರ ನಿಂತಿದ್ದ ರಜಿತಾಳ ಕೈ ಹಿಡಿದು, ಬಿಸಿ ತಾಗದಂತೆ ತಮ್ಮ ಸೆರಗಿನ ತುದಿ ಅಡಿಗಿಟ್ಟು, ಗಂಟನ್ನು ಆ ಕೈಯಲ್ಲಿಟ್ಟರು.